ಅಜ್ಜಿಯ ಐದು ತೊಲ, ಅಂಗಡಿಯ ಐದು ತೊಲ

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: "ಅಜ್ಜಿಯ ಲೆಕ್ಕದ ಪುಸ್ತಕದಲ್ಲಿ '1949, ಐದು ತೊಲದ ಸರ' ಎಂದಿದೆ. ಮೊನ್ನೆ ತೂಗಿಸಿದರೆ 57.9 ಗ್ರಾಂ ಬಂತು. ಅಂಗಡಿಯವರು 'ಆರು ತೊಲಕ್ಕೆ ಹತ್ತಿರ ಇದೆ' ಎಂದರು. ಯಾರ ಮಾತು ಸರಿ? ಕಾನೂನು ಏನು ಹೇಳುತ್ತೆ?"

ಅಜ್ಜಿ ಬರೆದಿದ್ದು ಸರಿಯೇ. ಆಗಿನ ತೊಲ ಎಂದರೆ 180 ಗ್ರೇನ್, ಈಗಿನ ಲೆಕ್ಕದಲ್ಲಿ 11.6638 ಗ್ರಾಂ. 1833ರಲ್ಲಿ ಕಂಪನಿ ಸರ್ಕಾರ ಇದನ್ನು ಗೊತ್ತುಮಾಡಿತು. ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಮನೆಯಲ್ಲಿ ವಿಕ್ಟೋರಿಯಾ ರಾಣಿಯ ರೂಪಾಯಿ ಇದ್ದರೆ ತೂಗಿ ನೋಡಿ, ಹೆಚ್ಚು ಸವೆದಿರದಿದ್ದರೆ 11.6ರ ಆಸುಪಾಸು ಬರುತ್ತೆ. ಐದು ತೊಲಕ್ಕೆ 58.3 ಗ್ರಾಂ ಆಯಿತು. ಇಷ್ಟು ವರ್ಷ ಕೊರಳಲ್ಲಿದ್ದ ಸರ ಅರ್ಧ ಗ್ರಾಂನಷ್ಟು ಸವೆಯುವುದು ಸಹಜ ಅಲ್ವಾ?

ಅಂಗಡಿಯವರು ಹೇಳುವ ತೊಲ ಬೇರೆ, ಅದು 10 ಗ್ರಾಂ. ಅದು ವ್ಯಾಪಾರದ ರೂಢಿ, ಕಾನೂನಿನ ಮಾಪನವಲ್ಲ. 1956ರ ಕಾಯ್ದೆ ದೇಶಕ್ಕೆ ಮೆಟ್ರಿಕ್ ಪದ್ಧತಿ ತಂದಿತು. ಈಗ ಜಾರಿಯಲ್ಲಿರುವ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಲ್ಲಿ ದ್ರವ್ಯರಾಶಿಗೆ (ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣಕ್ಕೆ) ಮೂಲಮಾನ ಕಿಲೋಗ್ರಾಂ ಒಂದೇ. ಅದರ 11ನೇ ಕಲಮಿನ ಪ್ರಕಾರ ಬಿಲ್ಲಿನಲ್ಲಿ, ಜಾಹೀರಾತಿನಲ್ಲಿ ಅಷ್ಟೇ ಅಲ್ಲ, ಬಾಯಿಮಾತಿನಲ್ಲಿ ದರ ಹೇಳುವಾಗಲೂ ಬೇರೆ ಮಾನ ಬಳಸುವಂತಿಲ್ಲ.

ಇದು ಸುಮ್ನೆ ಪುಸ್ತಕದ ನಿಯಮ ಎಂದುಕೊಳ್ಳಬೇಡಿ. ನಿಮ್ಮ ಸರವನ್ನು "ಐದು ತೊಲ" ಎಂದು ಹೇಳಿ ಎಕ್ಸ್‌ಚೇಂಜಿಗೆ ಕೊಟ್ಟು, ಅವರು 50 ಗ್ರಾಂ ಎಂದು ಲೆಕ್ಕ ಹಾಕಿದರೆ ನೀವು ಕಳೆದುಕೊಳ್ಳುವುದು 7.9 ಗ್ರಾಂ. ಹೆಚ್ಚುಕಡಿಮೆ ಒಂದು ಸವರನ್, ಅಂದರೆ ಎಂಟು ಗ್ರಾಂ!

ತಕ್ಕಡಿ ಅಳೆಯುವುದು ತೂಕವನ್ನೋ ದ್ರವ್ಯರಾಶಿಯನ್ನೋ ಎಂದೂ ಕೇಳಿದ್ದೀರಿ. ಎಲೆಕ್ಟ್ರಾನಿಕ್ ತಕ್ಕಡಿಗೆ ತಿಳಿಯುವುದು ಭೂಮಿಯ ಸೆಳೆತ, ಅಂದರೆ ತೂಕ ಮಾತ್ರ. ಆ ಸೆಳೆತ ಊರಿಂದೂರಿಗೆ ಸ್ವಲ್ಪ ಬದಲಾಗುತ್ತೆ. ಅದಕ್ಕೇ ಅದನ್ನು ಬಳಸುವ ಜಾಗದಲ್ಲೇ ಗೊತ್ತಿರುವ ತೂಕದ ಕಲ್ಲಿಟ್ಟು ಸರಿಪಡಿಸಬೇಕು. ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ, ಅವಧಿ ಮುಗಿದಿಲ್ಲವೇ ನೋಡಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಸರ ಮಾರುವುದಾದರೆ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಿಕೊಳ್ಳಿ. ಕಲ್ಲು, ಅರಗು ಇದ್ದರೆ ಅದರ ತೂಕ ಬೇರೆಯಾಗಿ ಬರೆಸಿ. ರಶೀದಿಯಲ್ಲಿ ಎಲ್ಲವೂ ಗ್ರಾಂನಲ್ಲೇ ಇರಲಿ.