ಪಿಯುಸಿಯಲ್ಲಿ ಗಣಿತ ಓದದವರಿಗೆ ಅರ್ಥಶಾಸ್ತ್ರ ಒಲಿಯುವುದೇ?

ಪ್ರಶ್ನೆ: ಪಿಯುಸಿಯಲ್ಲಿ ಕಲಾ ವಿಭಾಗ ಓದಿ, ಈಗ ಬಳ್ಳಾರಿಯಲ್ಲಿ ಬಿ.ಎ. ಮೊದಲ ವರ್ಷದಲ್ಲಿ ಅರ್ಥಶಾಸ್ತ್ರ ತೆಗೆದುಕೊಂಡಿದ್ದೇನೆ. ಪಾಠ ಅರ್ಥವಾಗುತ್ತದೆ, ಆದರೆ ಕಿರುಪರೀಕ್ಷೆಯಲ್ಲಿ ಲೆಕ್ಕ, ರೇಖಾಚಿತ್ರ ಬಂದ ಕಡೆಯೆಲ್ಲ ಅಂಕ ಹೋದವು. ಎಸ್ಸೆಸ್ಸೆಲ್ಸಿಯ ನಂತರ ಗಣಿತ ಮುಟ್ಟಿಲ್ಲ. ಎಂ.ಎ. ಮಾಡುವ ಆಸೆಯಿದೆ. ವಿಷಯ ಬದಲಿಸಲೇ, ಸರ್?
– ಒಬ್ಬ ವಿದ್ಯಾರ್ಥಿನಿ, ಗಂಗಾವತಿ ತಾಲ್ಲೂಕು

ಉತ್ತರ: ಬದಲಿಸಬೇಡಿ. ನೀವು ಎಡವುತ್ತಿರುವುದು ಪಿಯುಸಿಯ ಗಣಿತದಲ್ಲಲ್ಲ, ಹೈಸ್ಕೂಲಿನ ಗಣಿತದಲ್ಲಿ ಎಂದು ನನ್ನ ಅನಿಸಿಕೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕುರಿತು ಬ್ಯಾಲರ್ಡ್ ಮತ್ತು ಜಾನ್ಸನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಸೂಕ್ಷ್ಮ ಅರ್ಥಶಾಸ್ತ್ರದ ಆರಂಭಿಕ ತರಗತಿಯ ಯಶಸ್ಸಿಗೆ ತೀರಾ ಮೂಲಭೂತವಾದ ಲೆಕ್ಕಗಳ ಮೇಲಿನ ಹಿಡಿತ ಬಹಳ ಮುಖ್ಯವೆಂದು ಕಂಡುಬಂದಿತ್ತು.

ನಿಮ್ಮ ಕಡೆಯ ಭತ್ತವನ್ನೇ ತೆಗೆದುಕೊಳ್ಳಿ. ಚೀಲಕ್ಕೆ 1,600 ರೂಪಾಯಿ ಇದ್ದ ದರ 2,000ಕ್ಕೆ ಏರಿತೆಂದರೆ ಏರಿಕೆ ಶೇ. 25, ಮರಳಿ 1,600ಕ್ಕೆ ಇಳಿದರೆ ಇಳಿಕೆ ಶೇ. 20 ಮಾತ್ರ. ವ್ಯತ್ಯಾಸ ಅದೇ 400 ರೂಪಾಯಿ, ಭಾಗಿಸುವ ಸಂಖ್ಯೆ ಬೇರೆ. ಸ್ಥಿತಿಸ್ಥಾಪಕತ್ವ (ಬೆಲೆ ಶೇ. 1ರಷ್ಟು ಬದಲಾದರೆ ಬೇಡಿಕೆ ಶೇಕಡಾ ಎಷ್ಟು ಬದಲಾಗುತ್ತದೆ ಎಂಬುದು) ಅಳೆಯುವಾಗ ಎರಡು ಬೆಲೆಗಳ ಸರಾಸರಿಯಿಂದ ಭಾಗಿಸುವ ಪದ್ಧತಿ ಬಂದಿರುವುದು ಈ ತೊಡಕು ನೀಗಲೆಂದೇ.

ರೇಖಾಚಿತ್ರದ ತೊಡಕು ಇನ್ನೂ ಸ್ವಾರಸ್ಯಕರ. ಬೇಡಿಕೆಯ ಪ್ರಮಾಣವು 100ರಿಂದ ಬೆಲೆಯ ಎರಡರಷ್ಟನ್ನು ಕಳೆದಷ್ಟು ಎಂದಿಟ್ಟುಕೊಳ್ಳಿ. ಕಾರಣವಾದ ಅಂಶವನ್ನು ಅಡ್ಡ ಅಕ್ಷದಲ್ಲಿ ಗುರುತಿಸಬೇಕೆಂದು ಗಣಿತದ ಮೇಷ್ಟ್ರು ಕಲಿಸಿರುತ್ತಾರೆ. ಅರ್ಥಶಾಸ್ತ್ರದವರು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್‌ ಹಾಕಿಕೊಟ್ಟ ರೂಢಿಯಂತೆ ಬೆಲೆಯನ್ನು ಲಂಬ ಅಕ್ಷದಲ್ಲಿ ಇಡುತ್ತಾರೆ. ಹಾಗಾಗಿ ಚಿತ್ರದಲ್ಲಿ ಕಾಣುವ ಇಳಿಜಾರು ಋಣ 2 ಅಲ್ಲ, ಋಣ ಅರ್ಧ. (ಇದನ್ನು ಬಿಡಿಸಿ ಹೇಳುವ ಮೇಷ್ಟ್ರು ಕಡಿಮೆ, ತಪ್ಪೆಲ್ಲ ವಿದ್ಯಾರ್ಥಿಯ ತಲೆಗೆ.) ಇನ್ನು ಇದೇ ಲೆಕ್ಕವನ್ನು ಕೋಷ್ಟಕದಲ್ಲಿ ಬರೆಯಿರಿ: ಬೆಲೆ 24 ಆದಾಗ ಒಟ್ಟು ಆದಾಯ (ಬೆಲೆ ಗುಣಿಸು ಬೇಡಿಕೆಯ ಪ್ರಮಾಣ) 1,248, 25ಕ್ಕೆ 1,250, 26ಕ್ಕೆ ಮತ್ತೆ 1,248. ಆದಾಯ ಶಿಖರ ಮುಟ್ಟಿದ ಆ ಬಿಂದುವಿನಲ್ಲಿ ಸೀಮಾಂತ ಆದಾಯ (ಇನ್ನೊಂದು ಘಟಕ ಮಾರಿದರೆ ಒಟ್ಟು ಆದಾಯದಲ್ಲಿ ಆಗುವ ಬದಲಾವಣೆ) ಸೊನ್ನೆ, ಸ್ಥಿತಿಸ್ಥಾಪಕತ್ವ ಒಂದು ಎಂಬುದು ಕಲನಶಾಸ್ತ್ರದ ಗಂಧವಿಲ್ಲದವರಿಗೂ ಕಣ್ಣಿಗೆ ಕಾಣುತ್ತದೆ.

ಎಂ.ಎ. ಮಾತು ಬೇರೆ. ಅಲ್ಲಿ ಅವಕಲನ (ಡಿಫರೆನ್ಷಿಯೇಷನ್), ಮಾತೃಕೆ (ಮ್ಯಾಟ್ರಿಕ್ಸ್), ಸಂಖ್ಯಾಶಾಸ್ತ್ರ ಇಲ್ಲದೆ ಇಕನಾಮೆಟ್ರಿಕ್ಸ್ (ಅಂಕಿ-ಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ದಾಟುವುದು ಕಷ್ಟ, ಅದನ್ನು ಮರೆಮಾಚಲಾರೆ. ಆದರೆ ನಿಮಗೆ ಇನ್ನೂ ಪದವಿಯ ವರ್ಷಗಳಿವೆ. ಈ ಸೆಮಿಸ್ಟರಿನಲ್ಲಿ ಹತ್ತನೆಯ ತರಗತಿಯ ಪುಸ್ತಕದಿಂದ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಅಧ್ಯಾಯವನ್ನು ಗ್ರಾಫ್ ಹಾಳೆಯ ಮೇಲೆ ಪೂರ್ತಿ ಬಿಡಿಸಿ. ಬೇಸಿಗೆ ರಜೆಯಲ್ಲಿ ದ್ವಿತೀಯ ಪಿಯುಸಿಯ ಅವಕಲನಕ್ಕೆ ಕೈಹಾಕಬಹುದು.