ಪತ್ತೇದಾರಿ, ವೈಜ್ಞಾನಿಕ ಕಥೆಗಳ ಜಾಲತಾಣಕ್ಕೆ ಸಾಹಿತ್ಯ ಪ್ರಶಸ್ತಿ ಬೇಕಂದ್ರ ಪುಸ್ತಕ ಮಾಡಿಸಲೇಬೇಕೇನ್ರಿ? ಯಾವ ಕಥಾ ವಿಭಾಗಕ್ಕ ಕಳಿಸಲಿ?

ಪುಸ್ತಕದ ಮಾತು ಆಮೇಲೆ. ಮೊದಲು ಜಾಲತಾಣದಾಗಿರೋ ಒಂದು ಕಥೀನೂ ತೆಗೀಬ್ಯಾಡ್ರಿ. ನಾನು ತೆಗೆದು ಕೆಟ್ಟೀನಿ.

ಕಲಬುರಗಿಯ ನಾವು ಕೆಲವು ಗೆಳೆಯರು ಪತ್ತೇದಾರಿ, ದೆವ್ವದ ಕಥೆಗಳಿಗಂತಲೇ ಜಾಲತಾಣ ನಡೆಸ್ತಿದ್ವಿ. ತೊಗರಿಬ್ಯಾಳಿ ಮಿಲ್ಲಿನ ರಾತ್ರಿ ಪಾಳಿಯವ ಕಾಣೆಯಾಗೋ ಕಥೆ ಹಾಕಿದಾಗ ಬೀದರ್, ಯಾದಗಿರಿ ಮಂದಿಯೆಲ್ಲ ಲಿಂಕ್ ಹಂಚಿದ್ರು. 2020ರಾಗ ಸಾಹಿತ್ಯ ಸಮ್ಮೇಳನ ನಮ್ಮೂರಾಗೇ ಆಯ್ತಲ್ರಿ, ಪುಸ್ತಕದ ಮಳಿಗೆ ನೋಡಿ ನನಗೂ ಪ್ರಶಸ್ತಿ ಆಸೆ ಹುಟ್ಟಿತು. ಒಂದು ಸಂಸ್ಥೆಯ ನಿಯಮದಾಗ ‘ಕಥೆಗಳು ಈ ವರ್ಷವೇ ಮೊದಲ ಸಲ ಪ್ರಕಟವಾಗಿರಬೇಕು’ ಅಂತಿತ್ತು. ಜಾಲತಾಣದಿಂದ ಅಳಿಸಿದ್ರ ಪ್ರಕಟ ಆಗದಂಗೇ ಅಂತ ತಿಳಕೊಂಡು, ಛಲೋ ಕಥೆಗಳನ್ನೆಲ್ಲ ಅಳಿಸಿ ಸಂಕಲನ ಅಚ್ಚು ಹಾಕಿಸಿದೆ. ಹಂಗಲ್ರಿ ಅದು. ಓದುಗರ ಮುಂದ ಇಟ್ಟ ದಿನವೇ ಕಥೆ ಪ್ರಕಟವಾಯ್ತು. ಅಳಿಸಿದ್ರ ಆ ತಾರೀಖು ಅಳಿಯಂಗಿಲ್ಲ. ಒಂದು ಫೋನ್ ಮಾಡಿದ್ರ ಅವರೇ ಹೇಳ್ತಿದ್ರು, ನಾನು ಮಾಡಲಿಲ್ಲ. ಮೇಲಾಗಿ ವಿಭಾಗ ಇದ್ದದ್ದು ಒಬ್ಬರೇ ಬರೆದ ಸಂಕಲನಕ್ಕ, ನಮ್ಮದು ಹಲವರದು. ಪುಸ್ತಕ ವಾಪಸ್ ಬಂತು. ಅಷ್ಟರಾಗ ವಾಟ್ಸಾಪಿನ ಹಳೇ ಲಿಂಕ್ ಒತ್ತಿದವರಿಗೆಲ್ಲ ‘ಪುಟ ಸಿಗಲಿಲ್ಲ’ ಅಂತ ಬರ್ತಿತ್ತು. ಓದುಗರು ಹೋದ್ರು. ತಮ್ಮನ್ನ ಕೇಳದೇ ಕಥೆ ತೆಗೆದೆ ಅಂತ ಬರೆಯೋರೂ ದೂರಾದ್ರು. ಅದು ಇವತ್ತಿಗೂ ನೋಯ್ತದ.

‘ಯಾವ ಕಥಾ ವಿಭಾಗಕ್ಕ ಕಳಿಸಲಿ’ ಅಂತ ಕೇಳೀರಿ. ಆ ಪ್ರಶ್ನೆನೇ ನಾ ಒಪ್ಪಂಗಿಲ್ಲ. ಕಥೆಗೆ ಬರೋ ಬಹುಮಾನ ಕಥೆಗಾರರದು. ಜಾಲತಾಣ ಮಾಡೋದು ಸಂಪಾದಕನ ಕೆಲಸ: ಆರಿಸೋದು, ತಿದ್ದೋದು, ಉಳಿಸೋದು. ವೈಜ್ಞಾನಿಕ ಮತ್ತು ಕಲ್ಪನಾ ಕಥೆಗಳ ಹ್ಯೂಗೋ ಪ್ರಶಸ್ತಿಯಾಗ 2002 ಮತ್ತು 2005ರಾಗ ಮಾತ್ರ ‘ಅತ್ಯುತ್ತಮ ಜಾಲತಾಣ’ ಅಂತ ವಿಶೇಷ ವಿಭಾಗ ಇಟ್ಟಿದ್ರು. ಮೊದಲು ಲೋಕಸ್ ಆನ್‌ಲೈನ್, ಆಮೇಲೆ ಸೈಫಿಕ್ಷನ್ ಗೆದ್ದವು. ವಿಭಾಗ ಮಾತ್ರ ಕಾಯಂ ಆಗಲಿಲ್ಲ. 2000ದಾಗ ಶುರುವಾದ ಸ್ಟ್ರೇಂಜ್ ಹೊರೈಜನ್ಸ್ ಅನ್ನೋ ಜಾಲಪತ್ರಿಕೆ ಎರಡೂ ಸಲ ಅಂತಿಮ ಪಟ್ಟಿಗೆ ಬಂದು ಸೋತಿತು. ಗೆದ್ದದ್ದು 2024ರಾಗ, ಅರೆ-ವೃತ್ತಿಪರ ಪತ್ರಿಕೆಗಳಿಗೇ ಇರೋ ಸೆಮಿಪ್ರೊಜೀನ್ ವಿಭಾಗದಾಗ. ಅದರ ಹಳೇ ಸಂಚಿಕೆಗಳನ್ನ ಇವತ್ತಿಗೂ ಪುಕ್ಕಟೆ ಓದಬಹುದು.

ಅದಕ್ಕ ಪ್ರತಿ ಕಥೆಯ ಕೆಳಗ ಪ್ರಕಟವಾದ ತಾರೀಖು, ತಿದ್ದಿದವರ ಹೆಸರು ಹಾಕ್ರಿ. ಹಕ್ಕು ಕಥೆಗಾರರ ಕೈಯಾಗೇ ಇರಲಿ; ಪುಸ್ತಕ ಬೇಕಂದ್ರ ಅವರೇ ಮಾಡಿಸ್ತಾರ, ಪ್ರಶಸ್ತಿಗೂ ಅವರೇ ಕಳಿಸ್ತಾರ. ನೀವು ಪ್ರಶಸ್ತಿ ಕೊಡೋರಿಗೆ ಪತ್ರ ಬರೀರಿ, ಸಂಪಾದನೆಗೆ ಒಂದು ವಿಭಾಗ ಇಟ್ಟು ಅದರಾಗ ಜಾಲಪತ್ರಿಕೆನೂ ಸೇರಿಸ್ರಿ ಅಂತ. ನಾನೂ ಸಹಿ ಹಾಕ್ತೀನಿ.