ಓದುಗರ ಪ್ರಶ್ನೆ: ಪ್ರೋಟೀನ್ ತಯಾರಿಕೆಗೂ ಕ್ಯಾನ್ಸರಿಗೂ ಏನು ನಂಟು?

ಪ್ರಶ್ನೆ: ವಂಶವಾಹಿಗಳಲ್ಲಾಗುವ ದೋಷದಿಂದ ಕ್ಯಾನ್ಸರ್ ಬರುತ್ತದೆಂದು ಓದಿದ್ದೆ. ಜೀವಕೋಶದಲ್ಲಿ ಪ್ರೋಟೀನ್ ತಯಾರಿಕೆ ಹತೋಟಿ ತಪ್ಪಿದರೂ ಅದು ಬೆಳೆಯುತ್ತದೆ ಎಂದು ಈಚೆಗೆ ತಿಳಿಯಿತು. ಇವು ಬೇರೆ ಬೇರೆ ಕಾರಣಗಳೇ? ನಾವು ತಿನ್ನುವ ಪ್ರೋಟೀನಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಕೊನೆಯ ಸಂದೇಹವನ್ನು ಮೊದಲು ನೋಡೋಣ. ಆಹಾರದ ಪ್ರೋಟೀನ್ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ಅವುಗಳಿಂದ ಯಾವ ಪ್ರೋಟೀನನ್ನು ಎಷ್ಟು ಕಟ್ಟಬೇಕೆಂಬುದು ಜೀವಕೋಶದ ತೀರ್ಮಾನ. ನೀವು ಓದಿರುವುದು ಈ ತೀರ್ಮಾನ ದಾರಿ ತಪ್ಪುವ ಬಗೆಯನ್ನು ಕುರಿತದ್ದು.

ಡಿಎನ್‌ಎಯಲ್ಲಿರುವ ಮಾಹಿತಿ ಎಂಆರ್‌ಎನ್‌ಎ ಆಗಿ ನಕಲಾಗುತ್ತದೆ, ರೈಬೋಸೋಮ್ ಅದನ್ನು ಓದಿ ಪ್ರೋಟೀನ್ ಕಟ್ಟುತ್ತದೆ. ಆದರೆ ನಕಲಾದ ಮಾತ್ರಕ್ಕೆ ಎಲ್ಲ ಎಂಆರ್‌ಎನ್‌ಎಗಳಿಗೂ ಸಮಾನ ಅವಕಾಶ ಸಿಗುವುದಿಲ್ಲ. ಎಂಆರ್‌ಎನ್‌ಎಯ ತುದಿಯನ್ನು ಹಿಡಿದು ಓದು ಆರಂಭವಾಗಲು ನೆರವಾಗುವ ಇಐಎಫ್4ಇ ಎಂಬ ಪ್ರೋಟೀನಿನ ಚಟುವಟಿಕೆಯನ್ನು ಕೋಶ ಬಿಗಿಯಾಗಿ ಹತೋಟಿಯಲ್ಲಿಡುತ್ತದೆ. ಆರಂಭದ ಭಾಗ ಸರಳವಾಗಿರುವ ಎಂಆರ್‌ಎನ್‌ಎಗಳಿಗೆ ಅದರ ಅಲ್ಪ ನೆರವೇ ಸಾಕಾಗುತ್ತದೆ. ಆ ಭಾಗ ಉದ್ದವಾಗಿ, ಮಡಿಕೆಮಡಿಕೆಯಾಗಿ ಸುತ್ತಿಕೊಂಡಿರುವವು ಹಿಂದೆ ಉಳಿಯುತ್ತವೆ. ಕೋಶವಿಭಜನೆಯನ್ನು ಪ್ರಚೋದಿಸುವ ಮಿಕ್, ಗಡ್ಡೆಗೆ ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಮುಂತಾದವುಗಳ ಎಂಆರ್‌ಎನ್‌ಎಗಳು ಈ ಎರಡನೆಯ ಗುಂಪಿನವು. ಇಐಎಫ್4ಇ ಚಟುವಟಿಕೆ ಹೆಚ್ಚಿದಾಗ ಎಲ್ಲ ಪ್ರೋಟೀನುಗಳೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಮುಖ್ಯವಾಗಿ ಇಂಥವು ಹೆಚ್ಚುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇದೇ.

ಇಐಎಫ್4ಇಯನ್ನು ಅತಿಯಾಗಿ ತಯಾರಿಸುವಂತೆ ಮಾಡಿದರೆ ಇಲಿಯ ಕೋಶಗಳು ಕ್ಯಾನ್ಸರ್ ಕೋಶಗಳಂತೆ ವರ್ತಿಸುತ್ತವೆ ಎಂದು ಕೆನಡಾದ ನಹುಮ್ ಸೋನೆನ್‌ಬರ್ಗ್ ಅವರ ತಂಡ 1990ರಲ್ಲಿ ತೋರಿಸಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಇಐಎಫ್4ಇ ಅರ್ಧದಷ್ಟೇ ಇದ್ದ ಇಲಿಗಳು ಸಹಜವಾಗಿಯೇ ಬೆಳೆದರೂ ಅವುಗಳ ಕೋಶಗಳು ಕ್ಯಾನ್ಸರಿಗೆ ತಿರುಗುವುದನ್ನು ತಡೆದುಕೊಂಡವು; ಅಂದರೆ ಸಾಮಾನ್ಯ ಬೆಳವಣಿಗೆಗೆ ಬೇಕಿರುವುದಕ್ಕಿಂತ ಹೆಚ್ಚಿನ ಇಐಎಫ್4ಇಯನ್ನು ಕ್ಯಾನ್ಸರ್ ಅವಲಂಬಿಸಿರುತ್ತದೆ.

ಹಾಗಾದರೆ ನೀವು ಹೇಳಿದ ಎರಡು ಕಾರಣಗಳು ಬೇರೆ ಬೇರೆಯೇ? ಬಹುಪಾಲು ಅಲ್ಲ. ಸಹಜ ಸ್ಥಿತಿಯಲ್ಲಿ 4ಇ-ಬಿಪಿ ಎಂಬ ಕಾವಲು ಪ್ರೋಟೀನ್ ಇಐಎಫ್4ಇಯನ್ನು ಹಿಡಿದಿಟ್ಟಿರುತ್ತದೆ, ಬೆಳವಣಿಗೆಯ ಸಂಕೇತ ಬಂದಾಗ ಎಂಟಾರ್ ಎಂಬ ಕಿಣ್ವ ಆ ಹಿಡಿತವನ್ನು ಸಡಿಲಿಸುತ್ತದೆ. ಎಂಟಾರಿನ ಚಟುವಟಿಕೆಗೆ ಕಡಿವಾಣ ಹಾಕುವ ಪಿಟೆನ್ ಎಂಬ ವಂಶವಾಹಿ ನಾಶವಾದ ಕೋಶದಲ್ಲಿ ಎಂಟಾರ್ ಬಿಡುವಿಲ್ಲದೆ ಚುರುಕಾಗಿರುವುದರಿಂದ, ಡಿಎನ್‌ಎಯ ದೋಷ ಪ್ರೋಟೀನ್ ತಯಾರಿಕೆಯ ಮೂಲಕವೂ ಗಡ್ಡೆಯನ್ನು ಬೆಳೆಸುತ್ತದೆ.

ಚಿಕಿತ್ಸೆಯೂ ಈ ದಾರಿಯನ್ನು ಹಿಡಿದಿದೆ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ರಾಪಾಮೈಸಿನ್ ಎಂಟಾರನ್ನು ತಡೆಯುತ್ತದೆ. ಅದರಿಂದ ರೂಪಿಸಿದ ಎವೆರೋಲಿಮಸ್ ಔಷಧಕ್ಕೆ ಮುಂದುವರಿದ ಮೂತ್ರಪಿಂಡದ ಕ್ಯಾನ್ಸರಿಗಾಗಿ 2009ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಈ ಔಷಧಗಳು 4ಇ-ಬಿಪಿಯ ಹಿಡಿತವನ್ನು ಪೂರ್ತಿಯಾಗಿ ಮರಳಿಸುವುದಿಲ್ಲ. ಸಾಲದ್ದಕ್ಕೆ, ಎಂಟಾರನ್ನು ಅದುಮಿದಾಗ ಕೋಶ ಬೇರೆ ಸಂಕೇತ ಮಾರ್ಗಗಳನ್ನು ಎಚ್ಚರಿಸುತ್ತದೆ. ಆದ್ದರಿಂದ ಅನೇಕರಲ್ಲಿ ಗಡ್ಡೆಯ ಬೆಳವಣಿಗೆ ಕೆಲಕಾಲ ನಿಧಾನವಾಗುತ್ತದೆಯೇ ಹೊರತು ನಿಂತುಬಿಡುವುದಿಲ್ಲ.